ಮನೆ ಕೊಳ್ಳುವ ಮುನ್ನ ಮನೆಯ ಮೈ ನೋಡಿರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂದರೆ ಯಜಮಾನನು ತಾನೇ ಮುಂದೆ ನಿಂತು ಕಟ್ಟಿಸಿದ ಮನೆಯಾಗಿತ್ತು. ಬುನಾದಿಯನ್ನು ಎಷ್ಟು ಆಳ ತೋಡಿದರು, ಯಾವ ಕಲ್ಲು ತಂದರು, ತೊಲೆ ಜಂತೆಗಳಿಗೆ ಯಾವ ಮರ ಬಳಸಿದರು ಎಂಬುದೆಲ್ಲ ಅವನ ಕಣ್ಣೆದುರಿಗೇ ನಡೆಯುತ್ತಿತ್ತು. ಇಂದು ಹಾಗಿಲ್ಲ. ನೌಕರಿಯ ನಿಮಿತ್ತವಾಗಿಯೋ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತವಾಗಿಯೋ ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ರಾಜಧಾನಿಗೆ ಬಂದು ನೆಲೆಸುವ ಕುಟುಂಬಗಳು ಬೇರೆಯವರು ಕಟ್ಟಿದ ಮನೆಯನ್ನೋ ಬಹುಮಹಡಿ ಕಟ್ಟಡದ ಫ್ಲ್ಯಾಟನ್ನೋ ಕೊಳ್ಳುವುದು ರೂಢಿಯಾಗಿದೆ. ಅಂಥ ಮನೆಯ ಬುನಾದಿಯನ್ನು ಕೊಳ್ಳುವವರು ಕಂಡಿರುವುದಿಲ್ಲ. ಗಿಲಾವಿನ ಒಳಗೆ ಏನಿದೆ ಎಂಬುದನ್ನು ಅರಿತಿರುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಹೊಸ ಬಣ್ಣ, ಹೊಳೆಯುವ ನೆಲಹಾಸು ಮತ್ತು ಅಡಿಗೆಮನೆಯ ಕಪಾಟುಗಳು ಮಾತ್ರ.

ನಮ್ಮ ಹಿರಿಯರು ಒಂದು ಎತ್ತನ್ನು ಕೊಳ್ಳುವಾಗ ಎಷ್ಟು ಎಚ್ಚರಿಕೆ ವಹಿಸುತ್ತಿದ್ದರೆಂಬುದನ್ನು ನೆನೆಯಬೇಕು. ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ಎತ್ತಿ ಪರೀಕ್ಷಿಸುತ್ತಿದ್ದರು, ಬಂಡಿಗೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಜಾನುವಾರು ಬಲ್ಲ ಒಬ್ಬ ಹಿರಿಯನನ್ನು ಜೊತೆಗೆ ಕರೆದೊಯ್ಯದೆ ಜಾತ್ರೆಗೆ ಹೋಗುತ್ತಿರಲಿಲ್ಲ. ಹತ್ತು ವರ್ಷ ದುಡಿಯುವ ಎತ್ತಿಗೆ ಇಷ್ಟು ಪರೀಕ್ಷೆ. ಆದರೆ ಎರಡು ತಲೆಮಾರು ಬಾಳಬೇಕಾದ ಮನೆಯನ್ನು, ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಸುರಿದು, ಊರಿನ ಎರಡೆಕರೆ ಹೊಲ ಮಾರಿ, ಮೇಲೆ ಇಪ್ಪತ್ತು ವರ್ಷಗಳ ಸಾಲ ಹೊತ್ತು ಕೊಳ್ಳುವಾಗ ನಾವು ಅದನ್ನು ಅರ್ಧ ಗಂಟೆ ಸುತ್ತಾಡಿ ಒಪ್ಪಿಕೊಂಡು ಬರುತ್ತೇವೆ. ಈ ವಿಷಯದಲ್ಲಿ ನಮ್ಮ ಕುಟುಂಬಗಳು ತಮ್ಮ ರೂಢಿಯನ್ನು ತಿದ್ದಿಕೊಳ್ಳಬೇಕೆಂಬುದೇ ಈ ತಿಂಗಳ ನಮ್ಮ ಬರಹದ ಉದ್ದೇಶ.

ನಾವು ಯಾವುದನ್ನೂ ನೋಡುವುದಿಲ್ಲವೆಂದಲ್ಲ. ಕಾಗದಪತ್ರಗಳನ್ನು ವಕೀಲರಿಗೆ ತೋರಿಸುವವರ ಸಂಖ್ಯೆ ಈಗ ಹೆಚ್ಚಿದೆ. ಇದು ಸಂತೋಷದ ಸಂಗತಿ. ಮೂಲಪತ್ರ, ಋಣಭಾರ ಪತ್ರ, ಖಾತೆ, ಮಂಜೂರಾದ ನಕ್ಷೆ, ತೆರಿಗೆ ರಸೀದಿ ಇವುಗಳನ್ನು ನೋಡಲೇಬೇಕು. ವಾಸ್ತು ಬಲ್ಲವರನ್ನು ಕರೆದು ಬಾಗಿಲಿನ ದಿಕ್ಕು ಕೇಳುವವರೂ ಉಂಟು. ಆದರೆ ಋಣಭಾರ ಪತ್ರವು ಮನೆಯ ಮೇಲೆ ನೋಂದಣಿಯಾದ ಸಾಲವಿದೆಯೇ ಎಂಬುದನ್ನು ಹೇಳೀತೇ ಹೊರತು, ಮನೆಯ ಕಂಬದೊಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂಬುದನ್ನು ಹೇಳಲಾರದು. ಬ್ಯಾಂಕಿನವರು ಕಳುಹಿಸುವ ಮೌಲ್ಯಮಾಪಕರು ನೋಡಿ ಹೋದರಲ್ಲ ಎಂಬ ಸಮಾಧಾನವೂ ಸರಿಯಲ್ಲ. ಕೊಟ್ಟ ಸಾಲಕ್ಕೆ ಆ ಸ್ವತ್ತು ಸಾಕಷ್ಟು ಆಧಾರವಾದೀತೇ ಎಂಬುದಷ್ಟೇ ಅವರ ಕೆಲಸ. ಮಳೆಗಾಲದಲ್ಲಿ ಮಲಗುವ ಕೋಣೆ ಸೋರುವುದೇ ಎಂಬುದು ಬ್ಯಾಂಕಿನ ಚಿಂತೆಯಲ್ಲ. ಅದು ಅಲ್ಲಿ ಮಲಗುವವರ ಚಿಂತೆ.

ಕಾನೂನು ನಮ್ಮನ್ನು ಕಾಪಾಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಕಾಪಾಡುತ್ತದೆ, ಆದರೆ ಅದಕ್ಕೊಂದು ಮಿತಿಯುಂಟು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಮಾರುವವನು ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ಕೊಳ್ಳುವವನಿಗೆ ತಿಳಿಸಲೇಬೇಕು. ಆದರೆ ಈ ಕರ್ತವ್ಯವು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷಗಳಿಗೆ ಮಾತ್ರ ಅನ್ವಯಿಸುತ್ತದೆ. ನೋಡಿದ್ದರೆ ಕಾಣುತ್ತಿದ್ದ ದೋಷವನ್ನು ನೋಡದೆ ಬಂದವನ ಪರವಾಗಿ ಈ ಪ್ರಕರಣ ನಿಲ್ಲುವುದಿಲ್ಲ. ಇನ್ನು ರೇರಾ ಎಂದು ಪ್ರಸಿದ್ಧವಾದ 2016ರ ಅಧಿನಿಯಮದ 14ನೆಯ ಪ್ರಕರಣದ ಪ್ರಕಾರ, ಮನೆಯನ್ನು ವಶಕ್ಕೆ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ರಚನೆಯ ದೋಷವೋ ಕೆಲಸದ ದೋಷವೋ ಕಂಡುಬಂದು ಅದನ್ನು ಗಮನಕ್ಕೆ ತಂದರೆ, ನಿರ್ಮಾಪಕನು 30 ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು; ತಪ್ಪಿದರೆ ಪರಿಹಾರ ಕೊಡಬೇಕು. ಇದು ದೊಡ್ಡ ಆಸರೆ. ಆದರೆ 500 ಚದರ ಮೀಟರಿಗೆ ಮೀರದ ನಿವೇಶನದಲ್ಲಿಯಾಗಲಿ, ಎಂಟಕ್ಕೆ ಮೀರದ ಮನೆಗಳುಳ್ಳ ಯೋಜನೆಯಲ್ಲಿಯಾಗಲಿ ರೇರಾ ನೋಂದಣಿಯೇ ಕಡ್ಡಾಯವಲ್ಲ. ಹದಿನೈದು ವರ್ಷದ ಹಳೆಯ ಮನೆಯನ್ನು ಅದರ ಒಡೆಯನಿಂದ ಕೊಳ್ಳುವವನಿಗೂ ಈ ಆಸರೆ ದೊರೆಯದು. ನಮ್ಮ ಪಟ್ಟಣಗಳಲ್ಲಿ ಕೈಬದಲಾಗುವ ಮನೆಗಳಲ್ಲಿ ಬಹಳಷ್ಟು ಇಂಥವೇ. ಆದುದರಿಂದ ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ಗೋಡೆಯ ಬಿರುಕೂ ನಮ್ಮದೇ ಸ್ವತ್ತು ಎಂದು ತಿಳಿದು ನಡೆಯುವುದು ಜಾಣತನ.

ಹಾಗಾದರೆ ಪರೀಕ್ಷಿಸಬೇಕಾದುದೇನು? ಮೊದಲನೆಯದು ನೆಲ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಈ ಸೀಮೆಗಳ ಎರೆಮಣ್ಣು ಬಿಳಿಜೋಳಕ್ಕೂ ಹತ್ತಿಗೂ ತಾಯಿಯಾದರೂ ಮನೆಯ ಬುನಾದಿಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಆಳವಾಗಿಲ್ಲದಿದ್ದರೆ ಮನೆಯೂ ಪ್ರತಿ ವರ್ಷ ಅದರೊಡನೆ ಏಳುತ್ತ ಇಳಿಯುತ್ತ ಕೊನೆಗೆ ಬಿರಿಯುತ್ತದೆ. ಸಾಮಾನ್ಯವಾಗಿ ಸುಮಾರು ಮೂರೂವರೆ ಮೀಟರ್ ಆಳದ ಕೆಳಗೆ ಈ ಏರಿಳಿತ ತೀರ ಕಡಿಮೆ. ಆದುದರಿಂದಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ಮಣ್ಣಿಗಾಗಿ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬಬುನಾದಿಯ ವಿಧಾನವನ್ನು ರೂಪಿಸಿತು. ಕೊಳ್ಳಲಿರುವ ಮನೆ ಎರೆಭೂಮಿಯಲ್ಲಿದ್ದರೆ ಬುನಾದಿ ಯಾವ ಬಗೆಯದು, ಎಷ್ಟು ಆಳದ್ದು ಎಂಬುದು ಮೊದಲ ಪ್ರಶ್ನೆಯಾಗಬೇಕು. ಅಂತೆಯೇ ಆ ಜಾಗದಲ್ಲಿ ಮುಂಚೆ ಏನಿತ್ತು ಎಂಬುದನ್ನು ಅಕ್ಕಪಕ್ಕದ ಹಿರಿಯರಲ್ಲಿ ವಿಚಾರಿಸಬೇಕು. ಮುಚ್ಚಿದ ಬಾವಿ, ಕಾಳು ತುಂಬುತ್ತಿದ್ದ ಹಗೇವು, ಕೆರೆಯ ಅಂಗಳ, ಕಲ್ಲು ತೆಗೆದ ಗುಂಡಿ, ಇವುಗಳ ಮೇಲೆ ಮಣ್ಣು ತುಂಬಿ ಕಟ್ಟಿದ ಮನೆಯ ನೆಲ ಕುಸಿಯುವುದು ಅಪರೂಪವಲ್ಲ.

ಎರಡನೆಯದು ಬಿರುಕು. ಎಲ್ಲ ಬಿರುಕೂ ಅಪಾಯಕಾರಿಯಲ್ಲ. ಗಿಲಾವು ಒಣಗುವಾಗ ಕೂದಲೆಳೆಯಂಥ ಗೆರೆಗಳು ಮೂಡುವುದು ಸಹಜ. ಆದರೆ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಬುನಾದಿ ಒಂದು ಕಡೆ ಕುಸಿಯುತ್ತಿರುವುದರ ಕುರುಹಾಗಿರಬಹುದು. ಕಂಬದಲ್ಲಿ ಸರಳಿನ ಗುಂಟ ಮೂಡಿದ ನೆಟ್ಟಗಿನ ಬಿರುಕು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ ಎಂದು ಸೂಚಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕು ಇನ್ನೂ ಬೆಳೆಯುತ್ತಿದೆಯೇ ನಿಂತಿದೆಯೇ ಎಂದು ತಿಳಿಯಲು ಎಂಜಿನಿಯರರು ಅದಕ್ಕೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿಡುವ ಪದ್ಧತಿಯುಂಟು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಎಲ್ಲ ಕೋಣೆಗಳ ಪೈಕಿ ಒಂದೇ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರೆ, ಒಂದೇ ಕಡೆ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ಅದರ ಕಾರಣವನ್ನು ವಿನಯದಿಂದಲೇ ಕೇಳಬೇಕು.

ಮೂರನೆಯದು ಕಂಬ, ತೊಲೆ ಮತ್ತು ಛಾವಣಿಗಳ ಬಲ. ಭಾರತೀಯ ಮಾನಕವಾದ ಐ.ಎಸ್. 456 ಗ್ರಂಥದ 2000ನೆಯ ವರ್ಷದ ಆವೃತ್ತಿಯು ಕಬ್ಬಿಣ ಸೇರಿದ ಕಾಂಕ್ರೀಟು ಎಂ-20 ದರ್ಜೆಗಿಂತ ಕಡಿಮೆಯಿರಬಾರದೆಂದೂ, ಸಾಮಾನ್ಯ ಕಂಬಗಳಲ್ಲಿ ಸರಳಿನ ಮೇಲೆ 40 ಮಿಲಿಮೀಟರ್ ಹೊದಿಕೆ ಇರಬೇಕೆಂದೂ ವಿಧಿಸಿದೆ. ಗೋಡೆ ಒಡೆಯದೆಯೇ ಇವನ್ನು ಅಂದಾಜು ಮಾಡುವ ಉಪಕರಣಗಳು ಈಗ ಇವೆ. ಪುಟಿಯುವ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈಯ ಗಟ್ಟಿತನವನ್ನೂ, ಶ್ರವಣಾತೀತ ಶಬ್ದದ ವೇಗದಿಂದ ಒಳಗಿನ ಪೊಳ್ಳನ್ನೂ, ಇನ್ನೊಂದು ಉಪಕರಣದಿಂದ ಸರಳಿನ ಮೇಲಿನ ಹೊದಿಕೆಯನ್ನೂ ತಿಳಿಯಬಹುದು. ಪ್ರತಿ ಮನೆಗೂ ಇವೆಲ್ಲ ಬೇಕಾಗದು; ಯಾವುದು ಬೇಕೆಂಬುದನ್ನು ಎಂಜಿನಿಯರರು ಕಣ್ಣಿನಿಂದ ನೋಡಿ ನಿರ್ಧರಿಸುತ್ತಾರೆ. ಮುಖ್ಯವಾಗಿ ಕೇಳಬೇಕಾದುದೆಂದರೆ, ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ, ಈಗ ನಿಂತಿರುವುದು ಎಷ್ಟು ಮಹಡಿ ಎಂಬುದು. ಒಂದು ಮಹಡಿಗೆಂದು ಹಾಕಿದ ಬುನಾದಿಯ ಮೇಲೆ ಬಾಡಿಗೆಯ ಆಸೆಯಿಂದ ಮೂರು ಮಹಡಿ ಏರಿಸಿದ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಈ ಮಾತು ಬರಿಯ ಭೀತಿಯಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡವೊಂದು ಹಾಡುಹಗಲಿನಲ್ಲೇ ಕುಸಿದು ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡುದನ್ನು ನಮ್ಮ ನಾಡು ಮರೆತಿಲ್ಲ. ಮೇಲೆ ಕೆಲಸ ಮುಗಿದಿರಲಿಲ್ಲ, ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಿದ್ದವು. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಕುಸಿಯಿತು. ಅದು ವಾಲುತ್ತಿರುವುದನ್ನು ಗಮನಿಸಿ ಒಳಗಿದ್ದವರು ಹೊರಬಂದುದರಿಂದ ಜೀವಹಾನಿ ತಪ್ಪಿತು. ಕಟ್ಟಡಗಳು ಬಹುಮಟ್ಟಿಗೆ ಬೀಳುವ ಮೊದಲು ಸೂಚನೆ ಕೊಡುತ್ತವೆ. ಆ ಸೂಚನೆಯನ್ನು ಓದಬಲ್ಲ ಕಣ್ಣು ಬೇಕು.

ಜೀವಕ್ಕೆ ಅಪಾಯವಿಲ್ಲದಿದ್ದರೂ ಜೀವನವನ್ನು ಕಾಡುವ ದೋಷಗಳು ಇನ್ನೂ ಹಲವು. ಬಚ್ಚಲುಮನೆಯ ನೆಲದಲ್ಲಿ ನೀರು ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗಿನ ಛಾವಣಿ ಒದ್ದೆಯಾಗುವುದೇ ಎಂದು ನೋಡಬೇಕು. ಮಾಳಿಗೆಯ ಮೇಲೆ ನೀರು ನಿಲ್ಲುವ ಜಾಗಗಳನ್ನು ಗುರುತಿಸಬೇಕು. ಬಾಗಿಲ ಚೌಕಟ್ಟು, ಕಪಾಟಿನ ಹಿಂಬದಿಗಳಲ್ಲಿ ಗೆದ್ದಲಿನ ಮಣ್ಣುಗೆರೆ ಇದೆಯೇ ನೋಡಬೇಕು. ಹಳೆಯ ಮಾಳಿಗೆ ಮನೆಯಾದರೆ ತೊಲೆಯ ತುದಿ ಗೋಡೆಯೊಳಗೆ ಸೇರುವಲ್ಲಿ ಮರ ಲಡ್ಡಾಗಿದೆಯೇ ಎಂದು ಚುಚ್ಚಿ ನೋಡಬೇಕು. ವಿದ್ಯುತ್ತಿಗೆ ಅರ್ಥಿಂಗ್ ಸರಿಯಾಗಿದೆಯೇ, 30 ಮಿಲಿ ಆಂಪಿಯರ್ ಸೋರಿಕೆಗೇ ಕತ್ತರಿಸುವ ರಕ್ಷಕ ಸ್ವಿಚ್ಚು ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಪರೀಕ್ಷಿಸಬೇಕು. ಮಕ್ಕಳಿರುವ ಮನೆಗೆ ಇದು ಅತ್ಯಗತ್ಯ. ಕೊಳವೆ ಬಾವಿಯ ನೀರನ್ನೇ ಕುಡಿಯಬೇಕಾದ ಬಡಾವಣೆಯಾದರೆ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಮಾತ್ರ ಸಹ್ಯ. ನಮ್ಮ ನಾಡಿನ ಅನೇಕ ಬರಪೀಡಿತ ತಾಲ್ಲೂಕುಗಳಲ್ಲಿ ಅಂತರ್ಜಲ ಈ ಮಿತಿಯನ್ನು ಮೀರಿದೆ. ಫ್ಲ್ಯಾಟ್ ಕೊಳ್ಳುವವರು ತಮ್ಮ ಮನೆಯನ್ನಷ್ಟೇ ಅಲ್ಲದೆ ಒಟ್ಟು ಕಟ್ಟಡದ ಮಾಳಿಗೆ, ನೆಲತೊಟ್ಟಿ, ಲಿಫ್ಟು, ಒಳಚರಂಡಿಗಳನ್ನೂ, ಸ್ವಾಧೀನಾನುಭವ ಪ್ರಮಾಣಪತ್ರವನ್ನೂ ನೋಡಬೇಕು.

ಇಷ್ಟೆಲ್ಲ ತಿಳಿದವರೂ ಪರೀಕ್ಷೆ ಮಾಡಿಸದೆ ಹೋಗುವುದೇಕೆ? ನಮ್ಮ ಅನುಭವದಲ್ಲಿ ಅದಕ್ಕೆ ಕಾರಣ ಹಣದ ಉಳಿತಾಯಕ್ಕಿಂತ ದಾಕ್ಷಿಣ್ಯವೇ. ನಮ್ಮಲ್ಲಿ ಮನೆಗಳು ಬಹುಮಟ್ಟಿಗೆ ಪರಿಚಿತರಿಂದ ಪರಿಚಿತರಿಗೆ ಹೋಗುತ್ತವೆ. ಮಾರುವವರು ದೂರದ ನೆಂಟರೋ ಬೀಗರ ಕಡೆಯವರೋ ಒಂದೇ ಊರಿನವರೋ ಆಗಿರುತ್ತಾರೆ. “ನಮ್ಮವರ ಮನೆ, ಅದರಲ್ಲಿ ನೋಡುವುದೇನಿದೆ? ಎಂಜಿನಿಯರನ್ನು ಕರೆದೊಯ್ದರೆ ಅವರು ಏನೆಂದುಕೊಂಡಾರು?” ಎಂಬ ಸಂಕೋಚ ಬಾಯಿ ಕಟ್ಟುತ್ತದೆ.

ನಮಗೆ ಪರಿಚಿತವಾದ ಒಂದು ಕುಟುಂಬದಲ್ಲಿ ಹೀಗೆಯೇ ಆಯಿತು. ನಿವೃತ್ತ ಶಿಕ್ಷಕರೊಬ್ಬರು ಸಂಬಂಧಿಕರ ಮನೆಯನ್ನು ಬೇಸಿಗೆಯಲ್ಲಿ ಕೊಂಡರು. ಗೃಹಪ್ರವೇಶ ಸಂಭ್ರಮದಿಂದ ನೆರವೇರಿತು. ಎರಡನೆಯ ಮಳೆಗೇ ನಡುಮನೆಯ ಗೋಡೆ ಬಿರಿಯಿತು, ಹಿತ್ತಲ ಕಡೆಯ ನೆಲ ಇಳಿಯಿತು. ಅಲ್ಲಿ ಹಳೆಯ ಬಾವಿಯೊಂದನ್ನು ಮುಚ್ಚಲಾಗಿತ್ತೆಂಬುದು ನೆರೆಮನೆಯ ಅಜ್ಜಿಯ ಬಾಯಿಂದ ಆಮೇಲೆ ಹೊರಬಿತ್ತು. ಮಾರಿದವರು ತಮಗೆ ಅದು ತಿಳಿದೇ ಇರಲಿಲ್ಲವೆಂದರು. ಅವರೂ ಆ ಮನೆಯನ್ನು ಇನ್ನೊಬ್ಬರಿಂದ ಕೊಂಡವರಾದ್ದರಿಂದ ಆ ಮಾತು ನಿಜವೇ ಇರಬಹುದು. ಆದರೆ ಕಳೆದುಕೊಂಡವರಿಗೆ ನಂಬಿಕೆ ಬಾರದಾಯಿತು. ಇಂದು ಆ ಎರಡು ಮನೆಗಳವರು ಒಂದೇ ಮದುವೆಗೆ ಹೋದರೂ ಒಂದೇ ಪಂಕ್ತಿಯಲ್ಲಿ ಕೂಡುವುದಿಲ್ಲ. ಯಾವ ಸಂಬಂಧ ಕೆಟ್ಟೀತೆಂದು ಪರೀಕ್ಷೆ ಬೇಡವೆಂದಿದ್ದರೋ ಆ ಸಂಬಂಧವೇ ಪರೀಕ್ಷೆಯಿಲ್ಲದ ಕಾರಣ ಕೆಟ್ಟಿತು.

ಆದುದರಿಂದ ನಾವು ಒತ್ತಿ ಹೇಳುವುದಿಷ್ಟೇ: ಪರೀಕ್ಷೆ ಅವಿಶ್ವಾಸದ ಗುರುತಲ್ಲ. ಕನ್ಯೆ ನೋಡಲು ಹೋದಾಗ ನಾಲ್ಕು ಕಡೆ ವಿಚಾರಿಸುವುದು ಯಾರಿಗೂ ಅವಮಾನವಲ್ಲ. ಚಿನ್ನವನ್ನು ಒರೆಗಲ್ಲಿಗೆ ಹಚ್ಚುವುದು ಅಕ್ಕಸಾಲಿಗನಿಗೆ ಅವಮಾನವಲ್ಲ. ಮನೆಯ ವಿಷಯದಲ್ಲಿ ಮಾತ್ರ ಏಕೆ ಸಂಕೋಚ? ಮಾರುವವರೂ ಇದನ್ನು ಸ್ವಾಗತಿಸಬೇಕು. ದೋಷಗಳೆಲ್ಲ ಮೊದಲೇ ಲಿಖಿತವಾಗಿ ಬೆಳಕಿಗೆ ಬಂದರೆ ಮುಂದೆ ‘ಮುಚ್ಚಿಟ್ಟು ಮಾರಿದರು’ ಎಂಬ ಅಪವಾದ ಅವರಿಗೆ ತಟ್ಟದು. ಬಾಯಿಬಿಟ್ಟು ಕೇಳುವುದು ಕಷ್ಟವೆನಿಸಿದರೆ “ಎಂಜಿನಿಯರರಿಗೆ ತೋರಿಸಿಯೇ ಕೊಳ್ಳುವುದು ನಮ್ಮ ಮನೆಯ ಪದ್ಧತಿ” ಎಂದರೆ ಸಾಕು. ಪದ್ಧತಿಯ ಮಾತಿಗೆ ಯಾರೂ ನೊಂದುಕೊಳ್ಳುವುದಿಲ್ಲ.

ಇನ್ನು ಕ್ರಮದ ವಿಚಾರ. ಪರೀಕ್ಷೆ ಸಂಚಕಾರ ಕೊಡುವ ಮುನ್ನವೇ ಆಗಬೇಕು. ಮನೆ ಕೈತಪ್ಪೀತೆಂಬ ಅವಸರವಿದ್ದರೆ, ಎಂಜಿನಿಯರರ ವರದಿಯಲ್ಲಿ ಗಂಭೀರ ದೋಷ ಕಂಡುಬಂದಲ್ಲಿ ಸಂಚಕಾರದ ಹಣವನ್ನು ಹಿಂದಿರುಗಿಸತಕ್ಕದ್ದು ಎಂಬ ಒಂದು ವಾಕ್ಯವನ್ನು ಕರಾರುಪತ್ರದಲ್ಲಿ ವಕೀಲರಿಂದ ಸೇರಿಸಿಕೊಳ್ಳಬೇಕು. ಎಂಜಿನಿಯರರು ಕೊಳ್ಳುವವರು ನೇಮಿಸಿದವರಾಗಿರಬೇಕೇ ಹೊರತು ಮಾರುವವರೋ ದಲ್ಲಾಳಿಗಳೋ ಕರೆತಂದವರಾಗಿರಬಾರದು. ಸಾಮಾನ್ಯ ಮನೆಗೆ ಅನುಭವಿ ಸಿವಿಲ್ ಎಂಜಿನಿಯರರು ಸಾಕು. ಬಹುಮಹಡಿಯಾದರೆ, ಬಿರುಕುಗಳಿದ್ದರೆ, ರಚನಾ ಎಂಜಿನಿಯರರು ಬೇಕು. ಬಾಗಲಕೋಟೆ, ಕಲಬುರಗಿ, ಹುಬ್ಬಳ್ಳಿ, ವಿಜಯಪುರ, ದಾವಣಗೆರೆ, ತುಮಕೂರು ಮೊದಲಾದ ಊರುಗಳಲ್ಲಿ ನಮ್ಮ ಸಮಾಜದ ವಿದ್ಯಾಸಂಸ್ಥೆಗಳೇ ನಡೆಸುವ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ಸಿವಿಲ್ ವಿಭಾಗದ ಪ್ರಾಧ್ಯಾಪಕರನ್ನು ಕಂಡು ತಕ್ಕವರು ಯಾರೆಂದು ಕೇಳಬಹುದು. ಸಾಧ್ಯವಾದರೆ ಮಳೆ ಬಿದ್ದ ಮಾರನೆಯ ದಿನ ಮನೆ ನೋಡಬೇಕು. ಮನೆಯ ಹೆಣ್ಣುಮಕ್ಕಳನ್ನೂ ಹಿರಿಯರನ್ನೂ ತಪ್ಪದೆ ಕರೆದೊಯ್ಯಬೇಕು. ಅಡಿಗೆಮನೆಯ ಮೋರಿ ಕಟ್ಟುವುದೇ, ಬಚ್ಚಲಿನ ಮೆಟ್ಟಿಲು ಜಾರುವುದೇ ಎಂಬುದು ಅವರಿಗೆ ತಿಳಿದಷ್ಟು ಇತರರಿಗೆ ತಿಳಿಯದು.

ಎಂಜಿನಿಯರರ ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಬಿಡದೆ ಲಿಖಿತ ವರದಿಯಾಗಿ ಪಡೆಯಬೇಕು. ಯಾವ ದೋಷ, ಎಲ್ಲಿದೆ, ಕಾರಣವೇನು, ಸರಿಪಡಿಸಲು ಸುಮಾರು ಎಷ್ಟು ಖರ್ಚು ಎಂಬುದು ಅದರಲ್ಲಿರಬೇಕು. ಅದು ಕೈಗೆ ಬಂದ ಮೇಲೆ ಕೊಳ್ಳುವವರ ಮುಂದೆ ಮೂರು ದಾರಿಗಳಿವೆ. ಮಾರುವವರಿಂದಲೇ ಸರಿಪಡಿಸಿಕೊಂಡು ಕೊಳ್ಳುವುದು ಒಂದು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಳ್ಳುವುದು ಇನ್ನೊಂದು. ದೋಷ ಬುನಾದಿಯದೇ ಆದರೆ ನಮಸ್ಕರಿಸಿ ಹಿಂದಿರುಗುವುದು ಮೂರನೆಯದು. ಎಷ್ಟೋ ಸಲ ವರದಿ ಒಳ್ಳೆಯ ಸುದ್ದಿಯನ್ನೇ ತರುತ್ತದೆ; ಬಿರುಕು ಕಂಡು ಹೆದರಿ ಒಳ್ಳೆಯ ಮನೆ ಬಿಡುತ್ತಿದ್ದವರಿಗೆ ಅದು ಧೈರ್ಯವನ್ನೂ ಕೊಡುತ್ತದೆ.

ಖರ್ಚಿನ ಮಾತು ಹೇಳುವುದಾದರೆ, 60 ಲಕ್ಷ ರೂಪಾಯಿಯ ಮನೆಗೆ ನೂರಕ್ಕೆ ಐದರಂತೆ ಮುದ್ರಾಂಕ ಶುಲ್ಕವೇ 3 ಲಕ್ಷ. ನೋಂದಣಿ ಶುಲ್ಕ, ದಲ್ಲಾಳಿ, ಗೃಹಪ್ರವೇಶದ ಊಟ ಇವು ಬೇರೆ. ಇವುಗಳ ಮುಂದೆ ಎಂಜಿನಿಯರರ ಶುಲ್ಕ ಒಂದು ಸಣ್ಣ ಮೊತ್ತ. ಗೃಹಪ್ರವೇಶಕ್ಕೆ ಒಂದು ಸಿಹಿ ಕಡಿಮೆಯಾದರೂ ಚಿಂತೆಯಿಲ್ಲ, ಈ ಖರ್ಚನ್ನು ತಪ್ಪಿಸಬಾರದು. ಬರುವ ದಿನಗಳಲ್ಲಿ ಮನೆ ಕೊಳ್ಳಲಿರುವ ನಮ್ಮ ಓದುಗ ಬಂಧುಗಳು ವಕೀಲರ ಬಾಗಿಲಿಗೆ ಹೋಗುವಂತೆಯೇ ಎಂಜಿನಿಯರರ ಬಾಗಿಲಿಗೂ ಹೋಗಲಿ. ಕೊಂಡ ಮನೆಯಲ್ಲಿ ಮಳೆ ಬಂದ ರಾತ್ರಿಯೂ ನಿಶ್ಚಿಂತೆಯಿಂದ ನಿದ್ರಿಸುವಂತಾಗಲಿ ಎಂದು ಹಾರೈಸುತ್ತೇವೆ.